ಎರಡನೆಯ ಧ್ವನಿ: ಜಿಮ್ಮಿ ಆರ್ಮ್‌ಫೀಲ್ಡ್ ಸ್ಮರಣೆ

1927ನೆಯ ಇಸವಿಯ ಜನವರಿ 22ರಂದು ಲಂಡನ್ನಿನ ಹೈಬರಿ ಕ್ರೀಡಾಂಗಣದಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ತಂಡಗಳು ಆಡಿದ ಪಂದ್ಯವನ್ನು ಬಿ.ಬಿ.ಸಿ. ಬಾನುಲಿಯಲ್ಲಿ ನೇರವಾಗಿ ಬಿತ್ತರಿಸಿತು. ಆ ದೇಶದ ಕಾಲ್ಚೆಂಡಾಟದ ವೀಕ್ಷಕ ವಿವರಣೆಗೆ ಅದೇ ಆರಂಭ. ಕಣ್ಣಿಗೆ ಏನನ್ನೂ ತೋರಿಸಲಾರದ ಯಂತ್ರದ ಮೂಲಕ, ಇಪ್ಪತ್ತೆರಡು ಮಂದಿ ಓಡಾಡುವ ಬಯಲನ್ನು ದೂರದ ಮನೆಗಳಲ್ಲಿ ಕುಳಿತವರ ಮನಸ್ಸಿನಲ್ಲಿ ಮೂಡಿಸುವುದು ಹೇಗೆಂಬ ಚಿಂತೆಯಿಂದ, ಮೈದಾನದ ನಕ್ಷೆಯನ್ನು ಎಂಟು ಚೌಕಗಳಾಗಿ ವಿಭಾಗಿಸಿ ‘ರೇಡಿಯೋ ಟೈಮ್ಸ್’ ಪತ್ರಿಕೆಯಲ್ಲಿ ಮುಂಚಿತವಾಗಿಯೇ ಅಚ್ಚು ಹಾಕಿಸಿದ್ದರು. ರಗ್ಬಿ ಆಡಿ ಬಲ್ಲ ಟೆಡ್ಡಿ ವೇಕ್‌ಲಮ್ ಎಂಬವರು ಆಟದ ಗತಿಯನ್ನು ವರ್ಣಿಸುತ್ತಿರಲು, ಅವರ ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಚೆಂಡು ಯಾವ ಚೌಕದಲ್ಲಿದೆಯೆಂಬುದನ್ನು ಸಂಖ್ಯೆಯಿಂದ ಸೂಚಿಸುತ್ತಿದ್ದರು. ಹೀಗೆ ಮೊದಲ ದಿನದಿಂದಲೇ ಬಾನುಲಿಯ ಆಟಕ್ಕೆ ಎರಡು ಧ್ವನಿಗಳು ಬೇಕಾದವು: ಚೆಂಡಿನ ಬೆನ್ನುಹತ್ತಿ ಓಡುವ ಧ್ವನಿಯೊಂದು, ಕೇಳುಗನಿಗೆ ನಿಂತ ನೆಲವನ್ನು ಗುರುತು ಮಾಡಿಕೊಡುವ ಧ್ವನಿ ಇನ್ನೊಂದು.

ಆ ಎರಡನೆಯ ಧ್ವನಿಯ ಧರ್ಮವನ್ನು ಮೂರು ದಶಕಗಳಿಗೂ ಮೀರಿದ ಕಾಲ ಪಾಲಿಸಿದ ಜಿಮ್ಮಿ ಆರ್ಮ್‌ಫೀಲ್ಡ್ ಅವರು ತೀರಿಕೊಂಡದ್ದು 2018ರ ಜನವರಿ 22ರಂದು, ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ, ತಮ್ಮ ಊರಾದ ಬ್ಲ್ಯಾಕ್‌ಪೂಲಿನಲ್ಲಿ. ತಾರೀಖುಗಳು ಕೂಡಿಬಂದದ್ದು ಕೇವಲ ಕಾಕತಾಳೀಯವೇ ಸರಿ. ಆದರೂ ಅದನ್ನು ಗಮನಿಸಿದ ಮನಸ್ಸಿಗೆ ಒಂದು ಬಗೆಯ ಔಚಿತ್ಯ ತೋರದೆ ಇರದು. ಸುದ್ದಿ ಹರಡಿದೊಡನೆ ಬ್ಲೂಮ್‌ಫೀಲ್ಡ್ ರೋಡ್ ಕ್ರೀಡಾಂಗಣದ ಹೊರಗಿರುವ ಅವರ ಪ್ರತಿಮೆಯ ಬುಡದಲ್ಲಿ ಹೂವುಗಳೂ ಕಿತ್ತಳೆ ಬಣ್ಣದ ಅಂಗಿ, ಕೊರಳಪಟ್ಟಿಗಳೂ ರಾಶಿಯಾದವು. ಹಾಗೆ ದುಃಖಿಸಿದವರಲ್ಲಿ ಎರಡು ತಲೆಮಾರುಗಳಿದ್ದುವೆಂಬುದು ಲೇಖಕನಿಗೆ ಬಹು ಮುಖ್ಯವಾಗಿ ಕಾಣುತ್ತದೆ. ಅವರ ಆಟವನ್ನು ಕಣ್ಣಾರೆ ಕಂಡಿದ್ದ ವೃದ್ಧರು ಒಂದು ಕಡೆ. ಅವರು ಚೆಂಡು ಒದೆದದ್ದನ್ನು ಎಂದೂ ಕಾಣದೆ, ಶನಿವಾರದ ಅಪರಾಹ್ಣಗಳಲ್ಲಿ ಅಡುಗೆಮನೆಯಲ್ಲೋ ಕಾರಿನಲ್ಲೋ ಕಾರ್ಖಾನೆಯಲ್ಲೋ ಅವರ ಕಂಠವನ್ನಷ್ಟೇ ಕೇಳಿ ಬೆಳೆದವರು ಇನ್ನೊಂದು ಕಡೆ. ಟ್ರಾನ್ಸಿಸ್ಟರನ್ನು ಕಿವಿಗೆ ಹಿಡಿದು ಕ್ರಿಕೆಟ್ ಕೇಳಿದ ನಮ್ಮ ನಾಡಿನ ಹಿರಿಯರಿಗೆ, ಮುಖವನ್ನೇ ಕಾಣದೆ ಒಬ್ಬ ಮನುಷ್ಯನನ್ನು ಆಪ್ತನೆಂದು ಬಗೆಯುವ ಆ ಎರಡನೆಯವರ ಪರಿಯನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

1935ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರಿನ ಬಳಿಯ ಡೆಂಟನ್ನಿನಲ್ಲಿ ಹುಟ್ಟಿದ ಬಾಲಕನು, ಮಹಾಯುದ್ಧದ ಕಾಲದಲ್ಲಿ ಸಮುದ್ರತೀರದ ಬ್ಲ್ಯಾಕ್‌ಪೂಲಿಗೆ ಬಂದು ಅಲ್ಲಿಯವನೇ ಆಗಿಬಿಟ್ಟನು. ಎತ್ತರವಾದ ಉಕ್ಕಿನ ಗೋಪುರ, ಕಡಲಂಚಿನ ದೀಪಾಲಂಕಾರ, ಗಿರಣಿಗಳ ಊರುಗಳಿಂದ ರಜೆಗೆಂದು ಬಂದಿಳಿಯುವ ಕೂಲಿಕಾರರ ಸಂದಣಿ, ಇವುಗಳಿಂದ ಹೆಸರಾದ ಆ ಪಟ್ಟಣಕ್ಕೆ, ಆ ಕಾಲದಲ್ಲಿ ದೇಶದ ಅತ್ಯುತ್ತಮ ತಂಡಗಳಲ್ಲೊಂದೆನಿಸಿದ ಕಾಲ್ಚೆಂಡಿನ ತಂಡವೂ ಇದ್ದಿತು. ಸ್ಟಾನ್ಲಿ ಮ್ಯಾಥ್ಯೂಸ್ ಎಂಬ ಮಹಾನ್ ಆಟಗಾರರು ಆ ತಂಡದ ಬಲಪಾರ್ಶ್ವದಲ್ಲಿ ಆಡುತ್ತಿದ್ದರು. 1954ರ ಡಿಸೆಂಬರಿನಲ್ಲಿ ಪೋರ್ಟ್ಸ್‌ಮತ್ ತಂಡದ ವಿರುದ್ಧ ಮೊದಲ ಪಂದ್ಯವನ್ನಾಡಿದ ಹತ್ತೊಂಬತ್ತರ ತರುಣ ಆರ್ಮ್‌ಫೀಲ್ಡ್, ಮ್ಯಾಥ್ಯೂಸರ ಬೆನ್ನಹಿಂದೆ, ಬಲಬದಿಯ ರಕ್ಷಣೆಯ ಸ್ಥಾನದಲ್ಲಿ, ಅಂದರೆ ರೈಟ್ ಬ್ಯಾಕ್ ಆಗಿ, ನೆಲೆಗೊಂಡರು. 1971ರ ಮೇ ತಿಂಗಳಲ್ಲಿ ಆಟವನ್ನು ನಿಲ್ಲಿಸುವವರೆಗೆ 627 ಪಂದ್ಯಗಳನ್ನು ಆಡಿದರು, ಮತ್ತು ಅವಷ್ಟನ್ನೂ ಬ್ಲ್ಯಾಕ್‌ಪೂಲಿನ ಅಂಗಿಯಲ್ಲಿಯೇ ಆಡಿದರು. ಆ ಕಾಲದ ರೈಟ್ ಬ್ಯಾಕ್ ಎಂದರೆ ತನ್ನ ಎಲ್ಲೆಯನ್ನು ಕಾಯುತ್ತ, ಎದುರಾಳಿಯ ವಿಂಗರನ್ನು ತಡೆಯುತ್ತ, ಚೆಂಡು ಸಿಕ್ಕಿದೊಡನೆ ಅದನ್ನು ದೂರಕ್ಕೆ ಒದೆದು ನಿರಾಳನಾಗುವವನು. ಆದರೆ ಮ್ಯಾಥ್ಯೂಸರು ಚೆಂಡನ್ನು ಕಾಲಬಳಿ ಇಟ್ಟುಕೊಂಡು ಗೆರೆಯ ಅಂಚಿನಲ್ಲಿ ನಿಂತಾಗ ಎದುರಾಳಿಗಳ ಕಣ್ಣೆಲ್ಲವೂ ಅವರ ಮೇಲೆಯೇ ನೆಟ್ಟಿರುವುದನ್ನು ಹಿಂದಿನಿಂದ ನೋಡುತ್ತಿದ್ದ ಈ ತರುಣನಿಗೆ, ಅವರನ್ನು ಬಳಸಿಕೊಂಡು ಮುಂದಕ್ಕೆ ಓಡಿದರೆ ತನ್ನನ್ನು ತಡೆಯುವವರೇ ಇಲ್ಲವೆಂಬುದು ಹೊಳೆಯಿತು. ಇಂದು ಜಗತ್ತಿನ ಪ್ರತಿಯೊಂದು ಬ್ಯಾಕ್ ಆಟಗಾರನೂ ಸಹಜವಾಗಿ ಮಾಡುವ ಈ ಓಟವನ್ನು ಇಂಗ್ಲೆಂಡಿನಲ್ಲಿ ಮೊದಲು ರೂಢಿಗೆ ತಂದವರಲ್ಲಿ ಆರ್ಮ್‌ಫೀಲ್ಡ್ ಅಗ್ರಗಣ್ಯರು. ಅದರ ಮೂಲವು ಕಾಲಿನ ವೇಗದಲ್ಲಿಲ್ಲ, ಕಾದು ನೋಡುವ ಕಣ್ಣಿನಲ್ಲಿದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಇಂಗ್ಲೆಂಡಿನ ಪರವಾಗಿ ಅವರು 43 ಪಂದ್ಯಗಳನ್ನು ಆಡಿ, ಅವುಗಳಲ್ಲಿ 15ರಲ್ಲಿ ನಾಯಕರಾಗಿದ್ದರು. 1959ರಲ್ಲಿ ರಿಯೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ, ಲಕ್ಷವನ್ನು ಮೀರಿದ ಜನಸ್ತೋಮದ ಎದುರು, ರೂಢಿಯಿಲ್ಲದ ಎಡಬದಿಯಲ್ಲಿ ಆಡಿ ಬ್ರೆಜಿಲಿಗೆ ಸೋತದ್ದು ಮೊದಲ ಪಂದ್ಯ. ಮೂರು ವರ್ಷಗಳ ತರುವಾಯ ಚಿಲಿಯ ವಿಶ್ವಕಪ್ಪಿನಲ್ಲಿ ಅವರನ್ನು ಜಗತ್ತಿನ ಅತ್ಯುತ್ತಮ ರೈಟ್ ಬ್ಯಾಕ್ ಎಂದು ಪತ್ರಕರ್ತರು ಆರಿಸಿದರು. 1963ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆಯ ಶತಮಾನೋತ್ಸವದ ಅಂಗವಾಗಿ, ಯಾಶಿನ್, ಪುಷ್ಕಾಶ್, ಡಿ ಸ್ಟೆಫಾನೋ, ಯುಸೇಬಿಯೋ ಮುಂತಾದವರಿದ್ದ ವಿಶ್ವತಂಡವನ್ನು ಇಂಗ್ಲೆಂಡ್ ಸೋಲಿಸಿದಾಗ ನಾಯಕತ್ವ ಅವರದೇ ಆಗಿತ್ತು.

ಆದರೆ ಅದೇ ವರ್ಷದ ಏಪ್ರಿಲಿನ ಪಂದ್ಯವನ್ನು ಇಲ್ಲಿ ಹೇಳದೆ ಬಿಡಲಾಗದು. ವೆಂಬ್ಲಿಯಲ್ಲಿ ಸುಮಾರು ಒಂದು ಲಕ್ಷ ಜನರು ನೋಡುತ್ತಿರಲು, ಪರಂಪರೆಯ ಪ್ರತಿಸ್ಪರ್ಧಿಯಾದ ಸ್ಕಾಟ್ಲೆಂಡಿನ ವಿರುದ್ಧ, ನಾಯಕ ಆರ್ಮ್‌ಫೀಲ್ಡರು ತಮ್ಮ ಗೋಲಿನ ಸಮೀಪದಲ್ಲಿ ಚೆಂಡನ್ನು ಕಳೆದುಕೊಂಡರು, ಸ್ಕಾಟ್ಲೆಂಡಿನ ಜಿಮ್ ಬ್ಯಾಕ್ಸ್‌ಟರ್ ಅದನ್ನು ಗೋಲಾಗಿ ಪರಿವರ್ತಿಸಿದರು, ಇಂಗ್ಲೆಂಡ್ ಸೋತಿತು. ಜಗತ್ತಿನಲ್ಲಿಯೇ ಶ್ರೇಷ್ಠನೆಂದು ಕರೆಯಿಸಿಕೊಂಡ ಮರುವರ್ಷವೇ ಅಷ್ಟು ಜನರ ಕಣ್ಣೆದುರು ಹಾಗೆ ಎಡವಿದ ಮನುಷ್ಯನು, ಮುಂದೆ ವಿವರಣೆಯ ಕೋಣೆಯಲ್ಲಿ ಕುಳಿತು ಇಪ್ಪತ್ತು ವರ್ಷದ ಹುಡುಗನೊಬ್ಬನು ಅಂಥದೇ ತಪ್ಪು ಮಾಡಿದ್ದನ್ನು ಕಂಡಾಗ, ಆಡುವ ಮಾತಿನಲ್ಲಿ ತೂಕವೂ ಇರುತ್ತದೆ, ಕನಿಕರವೂ ಇರುತ್ತದೆ.

1964ರಲ್ಲಿ ತೊಡೆಸಂದಿಗಾದ ತೀವ್ರವಾದ ಪೆಟ್ಟು ಅವರ ದಾರಿಯನ್ನು ಬದಲಿಸಿತು. ಅವರು ಹೊರಗುಳಿದ ಅವಧಿಯಲ್ಲಿ ಅವರ ಸ್ಥಾನಕ್ಕೆ ಬಂದ ಜಾರ್ಜ್ ಕೋಹೆನ್ ಅಲ್ಲಿಯೇ ನೆಲೆಯೂರಿದರು. ಹಟಬಿಡದೆ ಚೇತರಿಸಿಕೊಂಡ ಆರ್ಮ್‌ಫೀಲ್ಡ್ 1966ರ ವಿಶ್ವಕಪ್ಪಿನ ಬಳಗಕ್ಕೆ ಆಯ್ಕೆಯಾದರು. ಸ್ಪರ್ಧೆಗೆ ಕೆಲವೇ ದಿನ ಮುಂಚೆ ಹೆಲ್ಸಿಂಕಿಯಲ್ಲಿ ಫಿನ್ಲೆಂಡಿನ ವಿರುದ್ಧ ನಾಯಕರಾಗಿಯೂ ಆಡಿದರು. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಇಂಗ್ಲೆಂಡ್ ತನ್ನ ನೆಲದಲ್ಲಿ ಆಡಿ ಗೆದ್ದ ಆ ವಿಶ್ವಕಪ್ಪಿನಲ್ಲಿ ಅವರು ಒಂದು ನಿಮಿಷವೂ ಅಂಗಣಕ್ಕೆ ಇಳಿಯಲಿಲ್ಲ. ವಿಶ್ವಕಪ್ಪಿನಲ್ಲಿ ಬದಲಿ ಆಟಗಾರರೆಂಬ ಪದ್ಧತಿಯೇ ಇಲ್ಲದ ಕಾಲವದು. ಪದಕವೂ ಅಂತಿಮ ಪಂದ್ಯದ ಹನ್ನೊಂದು ಮಂದಿಗೆ ಮಾತ್ರ ಸಲ್ಲುತ್ತಿತ್ತು. ಉಳಿದ ಹನ್ನೊಂದು ಮಂದಿಗೂ ಪದಕ ಸಲ್ಲಬೇಕೆಂದು ಫಿಫಾ ಒಪ್ಪಿದ ಮೇಲೆ, 2009ರಲ್ಲಿ ಪ್ರಧಾನಮಂತ್ರಿಗಳ ನಿವಾಸದಲ್ಲಿ ಅದನ್ನು ಪಡೆದಾಗ ಆರ್ಮ್‌ಫೀಲ್ಡರಿಗೆ ಎಪ್ಪತ್ತಮೂರು ವರ್ಷ. ಇಷ್ಟು ದೀರ್ಘಕಾಲದ ನಿರೀಕ್ಷೆಯು ಎಷ್ಟೋ ಮಂದಿಯ ನಾಲಗೆಯನ್ನು ಕಹಿ ಮಾಡಿಬಿಡುತ್ತದೆ. ಅವರ ಮಾತಿನಲ್ಲಿ ಆ ಕಹಿಯ ಸುಳಿವೂ ಇರಲಿಲ್ಲವೆಂಬುದು ಅವರನ್ನು ಕೇಳಿದವರೆಲ್ಲರೂ ಒಪ್ಪುವ ಮಾತು.

ತರಬೇತುದಾರರಾಗಿ ಅವರ ಜೀವನವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಬೋಲ್ಟನ್ ತಂಡವನ್ನು 1973ರಲ್ಲಿ ಮೂರನೆಯ ವಿಭಾಗದಿಂದ ಮೇಲಕ್ಕೆತ್ತಿ, 1974ರಲ್ಲಿ, ಬ್ರಯನ್ ಕ್ಲಫ್ ಅವರು ನಲವತ್ತನಾಲ್ಕೇ ದಿನಗಳಲ್ಲಿ ತೊರೆಯಬೇಕಾಗಿ ಬಂದ ಲೀಡ್ಸ್ ಯುನೈಟೆಡ್ಡಿನ ಹೊಣೆಯನ್ನು ಅವರು ವಹಿಸಿಕೊಂಡರು. ಕದಡಿಹೋಗಿದ್ದ ಆ ತಂಡವನ್ನು ಅವರು ಸಮಾಧಾನಗೊಳಿಸಿದ ರೀತಿ ವಿಶಿಷ್ಟವಾದದ್ದು: ‘ಸಿಂಡರೆಲ್ಲಾ’ ಕಥೆಯನ್ನು ತಾವೇ ನಾಟಕವಾಗಿ ಬರೆದು, ಲೀಡ್ಸಿನ ಹಳೆಯ ರಂಗಮಂದಿರದಲ್ಲಿ ತಮ್ಮ ಆಟಗಾರರಿಂದಲೇ ಆಡಿಸಿದರು. 1975ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ನಡೆದ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಲೀಡ್ಸ್ ಗಳಿಸಿದ ಗೋಲೊಂದನ್ನು ತೀರ್ಪುಗಾರರು ತಿರಸ್ಕರಿಸಿದ್ದು, ಬಯರ್ನ್ ಮ್ಯೂನಿಕ್ ಎರಡು ಗೋಲುಗಳಿಂದ ಗೆದ್ದದ್ದು, ರೊಚ್ಚಿಗೆದ್ದ ಲೀಡ್ಸಿನ ಅಭಿಮಾನಿಗಳು ಆಸನಗಳನ್ನು ಕಿತ್ತೆಸೆದದ್ದು, ಇವನ್ನು ಆ ಊರು ಇಂದಿಗೂ ಮರೆತಿಲ್ಲ. ಇದರ ಫಲವಾಗಿ ವಿಧಿಸಲ್ಪಟ್ಟ ನಾಲ್ಕು ವರ್ಷಗಳ ಬಹಿಷ್ಕಾರದ ವಿರುದ್ಧ ಆರ್ಮ್‌ಫೀಲ್ಡರು ಮನವಿ ಹೂಡಿ ಅದನ್ನು ಎರಡಕ್ಕೆ ಇಳಿಸಿದರು. ತನ್ನದಲ್ಲದ ತಪ್ಪಿಗಾಗಿ ಕೈಮುಗಿದು ನಿಲ್ಲುವ ಈ ಗುಣವನ್ನು ಲೀಡ್ಸಿನವರು ಅವರ ಪ್ರಶಸ್ತಿಗಳಿಗಿಂತಲೂ ದೊಡ್ಡದೆಂದು ಎಣಿಸುವರಾದರೆ ಅದು ನ್ಯಾಯವೇ.

1978ರಲ್ಲಿ ಆ ಹುದ್ದೆಯನ್ನು ಬಿಟ್ಟ ತರುವಾಯ ಅವರು ಪತ್ರಿಕಾವೃತ್ತಿಗೆ ಮರಳಿದರು. ಮರಳಿದರು ಎನ್ನುವುದೇ ಸರಿ; ಏಕೆಂದರೆ ಆಟಗಾರರಾಗಿದ್ದಾಗಲೇ ಅವರು ಬ್ಲ್ಯಾಕ್‌ಪೂಲಿನ ಸಂಜೆ ಪತ್ರಿಕೆಯಲ್ಲಿ ಬರವಣಿಗೆಯ ಕಸುಬನ್ನು ಕಲಿತಿದ್ದರು. ಆಟಗಾರನ ಸಂಬಳಕ್ಕೆ ವಾರಕ್ಕೆ ಇಪ್ಪತ್ತು ಪೌಂಡುಗಳ ಮಿತಿಯಿದ್ದು, 1961ರಲ್ಲಷ್ಟೇ ಅದು ತೊಲಗಿದ ಕಾಲದವರು ಅವರು. ಕಾಲು ದಣಿದ ಮೇಲೆ ಅನ್ನ ಹುಟ್ಟುವ ದಾರಿಯೊಂದನ್ನು ಪ್ರತಿಯೊಬ್ಬನೂ ಮುಂಚಿತವಾಗಿಯೇ ಹುಡುಕಿಕೊಳ್ಳಬೇಕಾಗಿತ್ತು. ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಗೆ ಬರೆಯುತ್ತ, ಅದರೊಂದಿಗೆ ಬಿ.ಬಿ.ಸಿ.ಯ ಬಾನುಲಿಗೂ ಮಾತನಾಡತೊಡಗಿದರು. 1994ರಲ್ಲಿ ರೇಡಿಯೋ ಫೈವ್ ಲೈವ್ ಎಂಬ ನಿಲಯ ಆರಂಭವಾದ ಮೇಲೆ ಅದರ ಕ್ರೀಡಾಪ್ರಸಾರದ ಹಿರಿಯ ಧ್ವನಿಯೇ ಅವರದಾಯಿತು.

ಬಾನುಲಿಯ ವಿವರಣೆಯಲ್ಲಿ ಮುಖ್ಯ ವಿವರಣೆಗಾರನಿಗೆ ಉಸಿರಾಡಲೂ ಬಿಡುವಿಲ್ಲ. ಚೆಂಡು ಎಲ್ಲಿ, ಯಾರ ಕಾಲಲ್ಲಿ, ಗೋಲಿಗೆ ಎಷ್ಟು ದೂರ ಎಂಬುದನ್ನು ಅವನು ಎಡೆಬಿಡದೆ ಹೇಳುತ್ತಿರಬೇಕು. ಚೆಂಡು ಗೆರೆಯಾಚೆ ಹೋದಾಗಲೋ, ಗಾಯಗೊಂಡವನ ಶುಶ್ರೂಷೆಗಾಗಿ ಆಟ ನಿಂತಾಗಲೋ ದೊರೆಯುವ ಅತ್ಯಲ್ಪ ಅವಕಾಶದಲ್ಲಿ ಎರಡನೆಯವನು ಮಾತನಾಡಬೇಕು, ಮತ್ತು ಆಟ ಪುನಃ ಆರಂಭವಾಗುವ ಮುನ್ನ ಮಾತನ್ನು ಮುಗಿಸಿರಬೇಕು. ನಮ್ಮ ಸಂಗೀತ ಕಛೇರಿಗಳಲ್ಲಿ ಪಿಟೀಲಿನ ಚೌಡಯ್ಯನವರಂಥವರು ಹಾಡುಗಾರನು ಬಿಟ್ಟುಕೊಟ್ಟ ಎಡೆಯಲ್ಲಿ, ಅವನದೇ ರಾಗದ ಜಾಡನ್ನು ಹಿಡಿದು, ಅವನು ಹೇಳದೆ ಉಳಿಸಿದುದನ್ನು ನುಡಿಸಿ, ಅವನು ಬಾಯಿ ತೆರೆಯುವಷ್ಟರಲ್ಲಿ ಬಿಲ್ಲನ್ನು ತಗ್ಗಿಸುತ್ತಿದ್ದ ವಿವೇಕ ಯಾವುದೋ, ಇಲ್ಲಿ ಬೇಕಾದ ವಿವೇಕವೂ ಅದೇ. ಇದು ಆರ್ಮ್‌ಫೀಲ್ಡರಿಗೆ ಸಹಜವಾಗಿ ಒದಗಿತು, ಏಕೆಂದರೆ ಇದೇ ಕೆಲಸವನ್ನು ಅವರು ತಾರುಣ್ಯದಲ್ಲಿ ಕಾಲಿನಿಂದ ಮಾಡಿದ್ದರು. ಮುಂದೆ ನಿಂತವನು ಪ್ರಸಿದ್ಧನಾದ ಮಹಾಕುಶಲಿ; ಹಿಂದೆ ನಿಂತವನು ಎಲ್ಲವನ್ನೂ ನೋಡುತ್ತಿರುವವನು; ಬಯಲು ತೆರೆದುಕೊಂಡ ಕ್ಷಣಕ್ಕೆ ಮುನ್ನುಗ್ಗಿ, ಕೆಲಸ ಮುಗಿದೊಡನೆ ಸ್ವಸ್ಥಾನಕ್ಕೆ ಮರಳುವವನು. ಅಭಿಮಾನಿಗಳಲ್ಲಿ ಕೆಲವರು ಆಟಗಾರನನ್ನೂ ಕೆಲವರು ಧ್ವನಿಯನ್ನೂ ಬೇರೆಬೇರೆಯಾಗಿ ನೆನೆಯುತ್ತಾರೆ. ನನಗಾದರೋ ಇವೆರಡೂ ಒಂದೇ ಪ್ರತಿಭೆಯ ಎರಡು ವ್ಯವಸಾಯಗಳೆಂದೇ ತೋರುತ್ತದೆ.

ಲ್ಯಾಂಕಾಷೈರ್ ಸೀಮೆಯ ಉಚ್ಚಾರಣೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆ ಮಾತು ನಿಧಾನವಾಗಿತ್ತು, ಸ್ವಲ್ಪ ಒರಟಾಗಿತ್ತು, ಬೆಚ್ಚಗಿತ್ತು. ತೀರ್ಪುಗಾರನನ್ನು ಹಳಿದು ಚಪ್ಪಾಳೆ ಗಿಟ್ಟಿಸುವುದು, ಸೋತ ತಂಡದ ತರಬೇತುದಾರನನ್ನು ಗಲ್ಲಿಗೇರಿಸಬೇಕೆಂಬಂತೆ ಅಬ್ಬರಿಸುವುದು, ತನ್ನ ಕಾಲವೇ ಸುವರ್ಣಯುಗವೆಂದು ಸಾರುವುದು, ಈ ಮೂರೂ ಚಾಳಿಗಳು ಇಂದು ಕ್ರೀಡಾವಿವರಣೆಯ ಸಾಮಾನ್ಯ ಬಂಡವಾಳವಾಗಿರುವಾಗ, ಇವುಗಳಲ್ಲಿ ಒಂದರ ಹಂಗೂ ಇಲ್ಲದೆ ಅಷ್ಟು ವರ್ಷ ಕೇಳುಗರ ವಿಶ್ವಾಸವನ್ನು ಉಳಿಸಿಕೊಂಡದ್ದು ಸಾಮಾನ್ಯ ಸಾಧನೆಯಲ್ಲ. ಆ ವಿಶ್ವಾಸ ಕೇವಲ ಕೇಳುಗರದ್ದಾಗಿರಲಿಲ್ಲ. ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆಯು ರಾಷ್ಟ್ರೀಯ ತಂಡಕ್ಕೆ 1994ರಲ್ಲಿ ಟೆರ್ರಿ ವೆನೇಬಲ್ಸರನ್ನೂ ಅನಂತರ ಗ್ಲೆನ್ ಹಾಡಲ್ ಅವರನ್ನೂ ತರಬೇತುದಾರರಾಗಿ ಆರಿಸಿಕೊಂಡದ್ದರ ಹಿಂದೆ ಆರ್ಮ್‌ಫೀಲ್ಡರ ಸಲಹೆಯಿತ್ತು. 2007ರಲ್ಲಿ ಗಂಟಲಿನ ಭಾಗದಲ್ಲಿ ದುಗ್ಧರಸಗ್ರಂಥಿಯ ಕ್ಯಾನ್ಸರು ಕಾಣಿಸಿಕೊಂಡಿತು. ಕಂಠದಿಂದಲೇ ಬದುಕುವವನಿಗೆ ಇದಕ್ಕಿಂತ ಘೋರವಾದ ಆಘಾತ ಬೇರೊಂದಿಲ್ಲ. ಆದರೂ ಚಿಕಿತ್ಸೆಯ ಬಳಿಕ ಅವರು ಮೈಕಿನೆದುರಿಗೆ ಹಿಂದಿರುಗಿದರು, ಮತ್ತು ವರ್ಷಗಳ ಕಾಲ ಮಾತನಾಡಿದರು.

ಭಾನುವಾರ ಬೆಳಗ್ಗೆ ಅವರನ್ನು ಹುಡುಕಬೇಕಾದವರು ಇಗರ್ಜಿಗೆ ಹೋಗಬೇಕಾಗಿತ್ತು: ಬ್ಲ್ಯಾಕ್‌ಪೂಲಿನ ಸೇಂಟ್ ಪೀಟರ್ಸ್ ಇಗರ್ಜಿಯಲ್ಲಿ ಬಹುಕಾಲ ಆರ್ಗನ್ ವಾದ್ಯವನ್ನು ನುಡಿಸುತ್ತಿದ್ದವರು ಅವರೇ. ಶನಿವಾರ ದೇಶವೆಲ್ಲ ಕೇಳಿದ ಮನುಷ್ಯ ಮರುದಿನ ನೆರೆಹೊರೆಯವರ ಪ್ರಾರ್ಥನೆಗೆ ಸ್ವರ ಕೂಡಿಸುತ್ತಿದ್ದುದನ್ನು ಆ ಊರು ಅಚ್ಚರಿಯೆಂದು ಭಾವಿಸಲಿಲ್ಲ. 2005ರಲ್ಲಿ ಅವರು ಲ್ಯಾಂಕಾಷೈರಿನ ಹೈ ಶೆರಿಫ್ ಪದವಿಯನ್ನೂ ಅಲಂಕರಿಸಿದರು. ಅಭಿಮಾನಿಗಳಾದರೋ ಅವರನ್ನು ಕರೆದದ್ದು ‘ಜೆಂಟಲ್‌ಮನ್ ಜಿಮ್’ ಎಂದು.

ಅವರು ತೀರಿಕೊಂಡ ಕಾಲಕ್ಕೆ ಬ್ಲ್ಯಾಕ್‌ಪೂಲಿನ ಅಭಿಮಾನಿಗಳ ಸ್ಥಿತಿ ದುಃಖಕರವಾಗಿತ್ತು. ಕ್ಲಬ್ಬಿನ ಒಡೆತನದವರೊಡನೆ ಉಂಟಾದ ಕಟುವಾದ ವಿವಾದದಿಂದಾಗಿ, ಹುಟ್ಟಿದಂದಿನಿಂದ ಆ ತಂಡಕ್ಕೆ ನಿಷ್ಠರಾಗಿದ್ದ ಸಾವಿರಾರು ಮಂದಿ ತಾವಾಗಿಯೇ ಕ್ರೀಡಾಂಗಣವನ್ನು ಬಹಿಷ್ಕರಿಸಿ ವರ್ಷಗಳೇ ಕಳೆದಿದ್ದವು. ಆರ್ಮ್‌ಫೀಲ್ಡರ ಹೆಸರನ್ನೇ ಹೊತ್ತ ದಕ್ಷಿಣದ ಪ್ರೇಕ್ಷಕರ ಗ್ಯಾಲರಿಯೂ ಪಂದ್ಯದ ದಿನಗಳಲ್ಲಿ ಭಣಗುಡುತ್ತಿತ್ತು. 2011ರಲ್ಲಿ ಸ್ಥಾಪಿಸಿದ ಪ್ರತಿಮೆಯು ಕ್ರೀಡಾಂಗಣದ ಹೊರಗಡೆ ನಿಂತಿದ್ದುದರಿಂದ, ಒಳಗೆ ಕಾಲಿಡೆವೆಂದು ಪಣತೊಟ್ಟವರೂ ಆ ಜನವರಿಯಲ್ಲಿ ಅಲ್ಲಿಗೆ ಬಂದು ಹೂವಿಡುವುದು ಸಾಧ್ಯವಾಯಿತು. ಪಣ ಮುರಿಯದೆ ಗೌರವ ಸಲ್ಲಿಸಲು ಅವರಿಗೆ ಇದ್ದದ್ದು ಅದೊಂದೇ ಜಾಗ. ಮರುವರ್ಷ ನ್ಯಾಯಾಲಯವು ಆ ಒಡೆತನಕ್ಕೆ ತೆರೆ ಎಳೆದ ಮೇಲೆ, 2019ರ ಮಾರ್ಚ್ 9ರಂದು, ಸೌತೆಂಡ್ ತಂಡದ ವಿರುದ್ಧದ ಪಂದ್ಯಕ್ಕೆ ಹದಿನೈದು ಸಾವಿರಕ್ಕೂ ಹೆಚ್ಚು ಜನರು ಬ್ಲೂಮ್‌ಫೀಲ್ಡ್ ರೋಡಿಗೆ ಹಿಂದಿರುಗಿದರು; ದಕ್ಷಿಣದ ಗ್ಯಾಲರಿಯೂ ಅಂದು ಪುನಃ ಕಿತ್ತಳೆಯ ಬಣ್ಣದಿಂದ ತುಂಬಿತು.