ಸಕ್ಕರೆ ಕಾರ್ಖಾನೆಯಿಂದ ವಿಧಾನಸೌಧಕ್ಕೆ

ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ ಸೇರುವ ಹೊತ್ತಿಗೆ ಈ ಭಾಗದಲ್ಲಿ ಕಬ್ಬಿನ ಸುಗ್ಗಿ ಜೋರು. ಜಾತ್ರೆಗೆ ಹೊರಟ ಚಕ್ಕಡಿಗಳಿಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎದುರಾಗುತ್ತವೆ. ಕಡಿದ ಕಬ್ಬನ್ನು ಬಹಳ ಹೊತ್ತು ಇಡುವಂತಿಲ್ಲ. ನೀರಾರಿ ತೂಕ ಇಳಿಯುತ್ತದೆ. ಅದರಲ್ಲಿನ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿ ಹರಳುಗಟ್ಟುವ ಸಕ್ಕರೆ ಕಡಿಮೆಯಾಗುತ್ತದೆ. ಆದ್ದರಿಂದ ರೈತನಿಗೆ ಕಾರ್ಖಾನೆ ಹತ್ತಿರವೇ ಬೇಕು. ಈ ನಂಟೇ ಇಲ್ಲಿ ಹಲವು ಉದ್ಯಮಿಗಳನ್ನು ರಾಜಕಾರಣಕ್ಕೆ ತಂದಿದೆ.

ಕುಡಚಿ ಬಳಿ ಕೃಷ್ಣೆ ದಾಟಿದರೆ ಕಾಗವಾಡ ಸೀಮೆ. ಕೆಂಪವಾಡದ ಅಥಣಿ ಶುಗರ್ಸ್ ಕಾರ್ಖಾನೆಯಿಂದ ಹೆಸರಾದ ಶ್ರೀಮಂತ ಪಾಟೀಲರು 2013ರಲ್ಲಿ ಜಾತ್ಯತೀತ ಜನತಾ ದಳದಿಂದ ಕಾಗವಾಡದಲ್ಲಿ ಸ್ಪರ್ಧಿಸಿ ಭಾರತೀಯ ಜನತಾ ಪಕ್ಷದ ರಾಜು ಕಾಗೆ ಅವರ ಎದುರು ಸೋತರು. 2018ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಅದೇ ಎದುರಾಳಿಯನ್ನು 32 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.

2019ರ ಜುಲೈನಲ್ಲಿ ಕುಮಾರಸ್ವಾಮಿ ಸರಕಾರದ ವಿಶ್ವಾಸಮತದ ವೇಳೆ ಪಾಟೀಲರು ಸದನದಲ್ಲಿರಲಿಲ್ಲ. ಅನಾರೋಗ್ಯದಿಂದ ಮುಂಬಯಿಯ ಆಸ್ಪತ್ರೆ ಸೇರಿದ್ದಾಗಿ ತಿಳಿಸಿದ್ದರು. ಸರಕಾರ ಬಿದ್ದಿತು. ಸಭಾಧ್ಯಕ್ಷರು ಅವರನ್ನೂ ಸೇರಿಸಿ 17 ಶಾಸಕರನ್ನು ಅನರ್ಹಗೊಳಿಸಿದರು.

ವಿದ್ಯಾರ್ಥಿಗಳು ಇಲ್ಲಿ ಸಂವಿಧಾನದ ಹತ್ತನೆಯ ಅನುಸೂಚಿಯನ್ನು ನೆನಪಿಸಿಕೊಳ್ಳಬೇಕು. ಪಕ್ಷಾಂತರ ತಡೆಯಲು 1985ರಲ್ಲಿ 52ನೇ ತಿದ್ದುಪಡಿಯಿಂದ ಸೇರಿದ ನಿಯಮವಿದು. 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಮತ್ತೆ ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಎಂದಿತು.

ಡಿಸೆಂಬರಿನ ಉಪಚುನಾವಣೆಯಲ್ಲಿ ಅಭ್ಯರ್ಥಿಗಳು ಅವರೇ, ಚಿಹ್ನೆಗಳು ಮಾತ್ರ ಅದಲು ಬದಲು. ಪಾಟೀಲರು ಭಾರತೀಯ ಜನತಾ ಪಕ್ಷದಿಂದ, ಕಾಗೆಯವರು ಕಾಂಗ್ರೆಸ್ಸಿನಿಂದ ನಿಂತರು. ಪಾಟೀಲರು 18 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದು, 2020ರ ಫೆಬ್ರವರಿಯಲ್ಲಿ ಯಡಿಯೂರಪ್ಪನವರ ಸಂಪುಟ ಸೇರಿ ಜವಳಿ ಹಾಗೂ ಅಲ್ಪಸಂಖ್ಯಾತರ ಕಲ್ಯಾಣ ಖಾತೆಗಳನ್ನು ನೋಡಿಕೊಂಡರು. 2021ರ ಜುಲೈನಲ್ಲಿ ಮುಖ್ಯಮಂತ್ರಿ ಬದಲಾದರು. ಮುಂದಿನ ಸಂಪುಟದಲ್ಲಿ ಪಾಟೀಲರಿಗೆ ಸ್ಥಾನವಿರಲಿಲ್ಲ. 2023ರಲ್ಲಿ ಮತದಾರರು ಕಾಗೆಯವರನ್ನು ಆರಿಸಿದರು.

ಹತ್ತು ವರ್ಷಗಳಲ್ಲಿ ನಾಲ್ಕು ಸ್ಪರ್ಧೆ, ಮೂರು ಪಕ್ಷ, ಎರಡು ಗೆಲುವು, ಎರಡು ಸೋಲು. ಇದು ಒಬ್ಬರ ಕಥೆಯಷ್ಟೇ ಅಲ್ಲ. ಕಬ್ಬು ಕೊಳ್ಳುವವರೇ ಮತ ಕೇಳಲು ಬಂದಾಗ ದರ, ಬಾಕಿ, ತೂಕದ ಬಗ್ಗೆ ಅವರನ್ನು ಪ್ರಶ್ನಿಸುವ ಧೈರ್ಯ ರೈತನಿಗೆ ಇರಬೇಕಾಗುತ್ತದೆ. ಆ ಧೈರ್ಯ ಬರುವುದು ಓದಿನಿಂದ, ಲೆಕ್ಕ ಬಲ್ಲ ಮಕ್ಕಳಿಂದ. ಕಾರ್ಖಾನೆಯ ಕಾಟಾದಲ್ಲಿ ರೈತನ ಕಬ್ಬು ತೂಗುತ್ತದೆ. ಮತಗಟ್ಟೆಯಲ್ಲಿ ತೂಗುವವನು ರೈತನೇ.