ಡಂಗುರವಿಲ್ಲದ ಸುದ್ದಿ

ನಾನು ಚಿಕ್ಕವನಾಗಿದ್ದಾಗ ಊರಿಗೆ ಸಂಬಂಧಪಟ್ಟ ಸುದ್ದಿಯೆಲ್ಲ ತಮಟೆಯ ಸದ್ದಿನೊಡನೆ ಬರುತ್ತಿತ್ತು. ಕಂದಾಯದ ಕಂತಾಗಲಿ, ಕೆರೆಯ ಹೂಳೆತ್ತುವುದಾಗಲಿ, ಸಾರುವವನು ಬೀದಿಗಳು ಕೂಡುವಲ್ಲಿ ನಿಂತು ಕೂಗಿದನೆಂದರೆ, ಕೇಳಲಿಲ್ಲವೆನ್ನಲು ಯಾರಿಗೂ ಎಡೆಯಿರಲಿಲ್ಲ. ಈಗ ಅಂತಹ ಸುದ್ದಿ ಸದ್ದಿಲ್ಲದೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮೂರ ಮಗ್ಗುಲಿಗೆ ಕಲ್ಲುಗಣಿಯೊಂದು ಬರಲಿರುವ ಸಂಗತಿ ನನಗೆ ತಿಳಿದದ್ದು ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಮೂಲೆಯಿಂದ. ‘ಪರಿಸರ ಸಾರ್ವಜನಿಕ ಆಲಿಕೆ ಸಭೆ’ ಎಂದು ಅಲ್ಲಿ ಇರುವೆಯಂತಹ ಅಕ್ಷರಗಳಲ್ಲಿ ಅಚ್ಚಾಗಿತ್ತು. ಸಭೆಗೆ ಉಳಿದಿದ್ದುದು ಒಂಬತ್ತೇ ದಿನ. ಆ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ನಾನೇ ಅದನ್ನು ಓದದೆ ಮಡಿಚಿಟ್ಟಿದ್ದೆ.

ದೊಡ್ಡ ಕಾಮಗಾರಿಗೆ ಕೈ ಹಾಕುವ ಮುನ್ನ ಅದರಿಂದ ನೆಲ, ಜಲ, ಗಾಳಿಗಳಿಗೆ ಏನಾದೀತೆಂದು ಎಣಿಸಿ ನೋಡಬೇಕೆಂಬ ವಿಚಾರವನ್ನು ಅಮೆರಿಕವು ಶಾಸನಕ್ಕೆ ತಂದಿತು. ಅಲ್ಲಿಯ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದದ್ದು 1970ರ ಜನವರಿ 1ರಂದು. ನಮ್ಮಲ್ಲಿ 1986ರ ಪರಿಸರ ಸಂರಕ್ಷಣಾ ಕಾಯಿದೆಯ ಆಧಾರದಿಂದ 1994ರಲ್ಲಿ ಒಂದು ಅಧಿಸೂಚನೆ ಹೊರಟಿತು; 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಅದರ ಸ್ಥಾನಕ್ಕೆ ಬಂದಿತು. ಅದರಂತೆ ಆಲಿಕೆಗೆ ಕನಿಷ್ಠ 30 ದಿನಗಳ ಮುನ್ನ ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿಯೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಣೆ ಬರಬೇಕು. ವರದಿಯ ಸಾರಾಂಶವಾದರೂ ಜನರ ಭಾಷೆಯಲ್ಲಿರಬೇಕು. ಪತ್ರಿಕೆ ತಲುಪದ ಕಡೆ ಡಂಗುರ ಮುಂತಾದ ಬಗೆಯಲ್ಲಿ ತಿಳಿಸಬೇಕೆಂಬ ಮಾತೂ ನಿಯಮದಲ್ಲಿದೆ. ಪತ್ರಿಕೆ ತಲುಪಿಯೂ ಓದದವರ ಊರಿಗೆ ಏನು ಮಾಡಬೇಕೆಂದು ಮಾತ್ರ ಅಲ್ಲಿ ಬರೆದಿಲ್ಲ.

ಸಾರಾಂಶವನ್ನು ತರಿಸಿ ನೆರೆಮನೆಯ ಮುದುಕರೊಬ್ಬರಿಗೆ ಓದಿ ಹೇಳಿದೆ. ಅವರು ಕೊನೆಯವರೆಗೂ ಸುಮ್ಮನೆ ಕೇಳಿ, “ನಮ್ಮ ಹಳ್ಳದ ಮಾತೇ ಬರ್ಲಿಲ್ವಲ್ಲ ಮೇಷ್ಟ್ರೇ?” ಎಂದರು. ನಿಜ, ಆ ಸ್ಥಳದಲ್ಲಿ ಹರಿಯುವ ನೀರಿಲ್ಲವೆಂದು ವರದಿ ಹೇಳಿತ್ತು. ಬರೆದವರು ಸುಳ್ಳನ್ನೇನೂ ಹೇಳಿರಲಿಲ್ಲ. ಇಂತಹ ಅಧ್ಯಯನಕ್ಕೆ ಮಳೆಗಾಲವನ್ನು ಬಿಟ್ಟು ಒಂದು ಋತುವಿನ ವಿವರ ಸಾಕೆನ್ನುವ ರೂಢಿಯುಂಟು. ಅವರು ಬಂದದ್ದು ಕಡು ಬೇಸಿಗೆಯಲ್ಲಿ. “ಬ್ಯಾಸ್ಗೇಲಿ ಬಂದೋರ ಕಣ್ಗೆ ಹಳ್ಳ ಹೆಂಗ್ ಕಂಡಾತು? ಆಷಾಢದಲ್ ಬರ್ಲಿ, ನಾನೇ ತೋರುಸ್ತೀನಿ” ಎಂದರು ಮುದುಕರು.

ಸಭೆಯ ಶಾಮಿಯಾನದಲ್ಲಿ ಕುರ್ಚಿಗಳಿದ್ದಷ್ಟು ಜನರಿರಲಿಲ್ಲ. ಇಷ್ಟೇ ಮಂದಿ ಸೇರಬೇಕೆಂಬ ಕಟ್ಟು ನಿಯಮದಲ್ಲಿಲ್ಲ. ಬಂದವರು ಎಷ್ಟೇ ಇರಲಿ, ಆಲಿಕೆ ಆಲಿಕೆಯೇ. ಮುದುಕರು ಎದ್ದು ನಿಂತು, ಹಳ್ಳ ಎಲ್ಲಿ ಹುಟ್ಟಿ ಯಾವ ಹೊಲಗಳ ಬದಿಯಲ್ಲಿ ಹರಿದು ಕೆರೆಗೆ ಸೇರುತ್ತದೆಂದು ನಿಧಾನವಾಗಿ ಹೇಳಿದರು. ನಡವಳಿಯನ್ನು ಕಡೆಯಲ್ಲಿ ಕನ್ನಡದಲ್ಲಿ ಓದಿದಾಗ ಹಳ್ಳ ಅದರಲ್ಲಿತ್ತು. ಮುಂದೆ ಗಣಿಗೆ ಅನುಮತಿ ದೊರೆಯಿತು; ಆದರೆ ಹಳ್ಳದ ದಂಡೆಯನ್ನು ಮುಟ್ಟಬಾರದೆಂಬ ಷರತ್ತೂ ಅದರೊಡನೆ ಬಂದಿತು.

2020ರಲ್ಲಿ ಹೊರಟ ಹೊಸ ಕರಡೊಂದರಲ್ಲಿ ಈ 30 ದಿನಗಳನ್ನು 20ಕ್ಕೆ ಇಳಿಸುವ ಸೂಚನೆಯಿತ್ತು. ಆ ಕರಡೇ ಮೊದಲು ಇಂಗ್ಲಿಷ್, ಹಿಂದಿಗಳಲ್ಲಷ್ಟೇ ಬಂದಿತ್ತು. ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅದನ್ನು ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು ಆ ವರ್ಷ ಜೂನ್ 30ರಂದು ಆದೇಶಿಸಿತು. ಹತ್ತು ದಿನವೆಂದರೆ ಅಲ್ಪವೆಂದು ತೋರೀತು. ಒಂಬತ್ತು ದಿನಗಳಲ್ಲಿ ಓಡಾಡಿದ ನನಗೆ ಅದರ ಬೆಲೆ ಗೊತ್ತು.

ಈಗ ಪ್ರತಿದಿನವೂ ಪತ್ರಿಕೆಯ ಆ ಮೂಲೆಯನ್ನು ಮೊದಲು ನೋಡುತ್ತೇನೆ. ನಮ್ಮ ಸೀಮೆಯ ಹೆಸರು ಕಂಡರೆ ಸಂಜೆ ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತೇನೆ. ತಮಟೆಯೊಂದಿಲ್ಲ, ಅಷ್ಟೆ.