ಹಳೆಯ ಜಾವಾ, ಹೊಸ ಜಾವಾ

ಕವಲೇದುರ್ಗದತ್ತ ಏರುವ ದಾರಿಯಲ್ಲಿ ಜಾವಾ ಮೋಟಾರು ಸೈಕಲ್ಲೊಂದು ಬರುತ್ತಿದೆಯೆನ್ನಿ. ಅದು ಹಳೆಯದೋ ಹೊಸದೋ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿದ 250 ಸಿ.ಸಿ. ವಾಹನದ್ದು ಟೂ ಸ್ಟ್ರೋಕ್ ಎಂಜಿನ್. ಪ್ರತಿ ಸುತ್ತಿಗೂ ಒಂದು ಸ್ಫೋಟ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೂ ಉರಿಯಬೇಕು. ಆ ನಾದವೂ ಆ ಹೊಗೆಯೂ ಹುಟ್ಟಿದ್ದು ಹೀಗೆ. ಕಾರ್ಖಾನೆ 1996ರಲ್ಲಿ ಮುಚ್ಚಿತು.

2018ರಲ್ಲಿ ಅದೇ ಹೆಸರು, ಅದೇ ಬಗೆಯ ಟ್ಯಾಂಕು, ಜೋಡಿ ಹೊಗೆಕೊಳವೆಗಳೊಡನೆ ಮರಳಿದ ವಾಹನದ ಒಳಗಿದ್ದುದು ನೀರಿನಿಂದ ತಣಿಯುವ 293 ಸಿ.ಸಿ. ಫೋರ್ ಸ್ಟ್ರೋಕ್ ಎಂಜಿನ್. ಎರಡು ಸುತ್ತಿಗೆ ಒಂದೇ ಸ್ಫೋಟ. ರೂಪ ಹಳೆಯದು, ದನಿ ಬೇರೆ. ಏರಿನಲ್ಲಿ ಇದೇ ಬಲಶಾಲಿ, ಇಳಿಜಾರಿನಲ್ಲಿ ಇದರ ಬ್ರೇಕೇ ನಂಬಿಕೆಗೆ ಅರ್ಹ.

ಕೆಟ್ಟು ನಿಂತರೆ? ಹಳೆಯದರ ಕಾರ್ಬ್ಯುರೇಟರನ್ನು ದಾರಿಬದಿಯಲ್ಲೇ ಬಿಚ್ಚಿ ತೊಳೆಯಬಹುದು. ಹೊಸದರ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆಗೆ ಪೇಟೆಯೇ ಗತಿ. ಪಯಣಕ್ಕೆ ಹೊಸದು ಮಿಗಿಲು. ಒಡೆಯನ ಕೈಗೆ ಒಲಿಯುವುದರಲ್ಲಿ ಸಾಟಿಯಲ್ಲ.